ಕೂಪೆ ಕೊಳ್ಳುವ ಮುನ್ನ ತುಕ್ಕು ಓದಬೇಕು

ಆಕ್ಲೆಂಡಿಗೆ ಹೋಗಿದ್ದಾಗ ಒಂದು ಸಂಜೆ ತಂಗಿಯ ಗಂಡನ ಜೊತೆ ಸೆಕೆಂಡ್ ಹ್ಯಾಂಡ್ ನಿಸ್ಸಾನ್ ಸಿಲ್ವಿಯಾ ನೋಡಲು ಹೋಗಿದ್ದೆ. ಎಸ್15 ಮಾದರಿ, ಬೆಳ್ಳಿ ಬಣ್ಣ. ಮಾರುವವರು ಅದನ್ನು ತೊಳೆದು, ಒರೆಸಿ, ಮನೆಯ ಮುಂದೆ ನಿಲ್ಲಿಸಿದ್ದರು. ಅವರು ಕೀಲಿ ತರಲು ಒಳಗೆ ಹೋದಾಗ ತಂಗಿಯ ಗಂಡ ಬಾನೆಟ್ ಮೇಲೆ ಅಂಗೈ ಇಟ್ಟು, "ಭಾವ, ಇಲ್ಲಿ ಮುಟ್ಟಿ ನೋಡಿ" ಅಂದ. ಬೆಚ್ಚಗಿತ್ತು. ನಾವು ಬರುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರು. ತಣ್ಣಗಿದ್ದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಬರುವ ಟಕಟಕ ಸದ್ದು, ಸೈಲೆನ್ಸರಿನಿಂದ ಏಳುವ ನೀಲಿ ಹೊಗೆ, ಇವೆರಡೂ ಬೇರಿಂಗು, ಪಿಸ್ಟನ್ ರಿಂಗು, ಟರ್ಬೊ ಸೀಲುಗಳ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತವೆ. ಬಿಸಿಯಾದ ಮೇಲೆ ಬಹುಪಾಲು ಮುಚ್ಚಿಹೋಗುತ್ತದೆ. "ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲೀತನಕ ಸ್ಟಾರ್ಟ್ ಮಾಡಬೇಡಿ" ಎಂದು ಕೇಳಿಕೊಂಡು ಹೊರಟೆವು.

ಇಂಥ ಕೂಪೆಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು ಎಂದು. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಜಪಾನಿನ ವೇಗದ ಕೂಪೆಗಳಿಗೆ ಐವತ್ತು ವರ್ಷ ಮೀರಿದ ಚರಿತ್ರೆ ಇದೆ. ಪ್ರತಿಯೊಂದು ಕಾಲದ ಎಂಜಿನಿಯರುಗಳು ತೆಗೆದುಕೊಂಡ ನಿರ್ಧಾರ ಇಂದು ಆ ಕಾಲದ ಕಾರಿನ ಕಾಯಿಲೆಯಾಗಿ ಉಳಿದಿದೆ. ಚರಿತ್ರೆ ಗೊತ್ತಿದ್ದರೆ ಎಲ್ಲಿ ಬಗ್ಗಿ ನೋಡಬೇಕು ಎಂಬುದೂ ಗೊತ್ತಾಗುತ್ತದೆ.

1967ರಲ್ಲಿ ಎರಡು ಕಾರುಗಳು ಬಂದವು. ಯಮಹಾ ಜೊತೆ ಸೇರಿ ಟೊಯೋಟ ಕಟ್ಟಿದ 2000ಜಿಟಿ ಒಂದು. ಮೂರು ವರ್ಷದಲ್ಲಿ ತಯಾರಾದದ್ದು ಮುನ್ನೂರೈವತ್ತರ ಆಸುಪಾಸು ಮಾತ್ರ. ಇನ್ನೊಂದು ಮಾಜ್ದಾ ಕಾಸ್ಮೊ ಸ್ಪೋರ್ಟ್. ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರು ತಿರುಗುವ ಎಂಜಿನನ್ನು ಕೆನಿಚಿ ಯಮಾಮೊತೊ ಮತ್ತು ಅವರ ತಂಡ ರಸ್ತೆಗೆ ತಂದದ್ದು ಅದರಲ್ಲಿ. ಇವೆರಡೂ ಇಂದು ಸಂಗ್ರಹಾಲಯದ ವಸ್ತುಗಳು, ನಮ್ಮ ನಿಮ್ಮ ಕೈಗೆ ಸಿಗುವಂಥವಲ್ಲ. ಸಾಮಾನ್ಯರ ಅಂಗಳಕ್ಕೆ ಕೂಪೆಯನ್ನು ತಂದದ್ದು 1969ರಲ್ಲಿ ಬಂದ ನಿಸ್ಸಾನ್ ಫೇರ್‌ಲೇಡಿ ಝಡ್, ಅಮೆರಿಕದಲ್ಲಿ ಡಾಟ್ಸನ್ 240ಝಡ್. ನಿಸ್ಸಾನಿನ ಅಮೆರಿಕ ವ್ಯವಹಾರ ನೋಡುತ್ತಿದ್ದ ಯುತಾಕ ಕತಾಯಾಮ ಅದನ್ನು ಅಲ್ಲಿ ಸುಮಾರು 3,500 ಡಾಲರಿಗೆ ಮಾರಿಸಿದರು. 2.4 ಲೀಟರಿನ ಆರು ಸಿಲಿಂಡರ್ ಎಂಜಿನ್ ಇಂದಿಗೂ ಗಟ್ಟಿ. ತಗಡು ಮಾತ್ರ ತೆಳು. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಕಾಲಿಡುವ ನೆಲದಲ್ಲಿ, ಉದ್ದಕ್ಕೆ ಓಡುವ ಚೌಕಟ್ಟಿನ ರೈಲಿನೊಳಗೆ ತುಕ್ಕು ಕೂತಿರುತ್ತದೆ. ಹಳೆಯ ಝಡ್ ಕೊಳ್ಳುವವರು ಎಂಜಿನಿಗಿಂತ ಮೊದಲು ಈ ಮೂರು ಜಾಗಕ್ಕೆ ಟಾರ್ಚು ಹಾಕಬೇಕು.

ಎಪ್ಪತ್ತರ ದಶಕದ ಪೆಟ್ರೋಲ್ ಬಿಕ್ಕಟ್ಟು ಎಲ್ಲವನ್ನೂ ಮಂಕಾಗಿಸಿತು. 1978ರ ಮಾಜ್ದಾ ಆರ್‌ಎಕ್ಸ್-7, 1983ರ ಟೊಯೋಟ ಎಇ86 ಆ ಮಂಕಿನಿಂದ ಹೊರಬಂದ ಕಾರುಗಳು. ಎಇ86ಕ್ಕೆ ಇದ್ದದ್ದು 1.6 ಲೀಟರಿನ ಎಂಜಿನು, ಕಡಿಮೆ ತೂಕ, ಹಿಂದಿನ ಚಕ್ರಕ್ಕೆ ಬಲ, ಇಷ್ಟೇ. ಬೆಟ್ಟದ ರಸ್ತೆಗಳಲ್ಲಿ ಕೆಯಿಚಿ ತ್ಸುಚಿಯಾ ಎಂಬ ರೇಸ್ ಚಾಲಕ ಅದನ್ನು ಅಡ್ಡಡ್ಡ ಜಾರಿಸಿ ಓಡಿಸಿದ್ದು, 1995ರಿಂದ ಇನಿಷಿಯಲ್ ಡಿ ಎಂಬ ಚಿತ್ರಕಥೆ ಅದನ್ನೇ ನಾಯಕನನ್ನಾಗಿಸಿದ್ದು, ಎರಡೂ ಸೇರಿ ಒಂದು ಸಾದಾ ಕಾರು ಇಂದು ದುಬಾರಿಯಾಗಿದೆ.

ಮನಸ್ಸು ತುಂಬ ಹೊತ್ತು ನಿಲ್ಲುವುದು 1989ರಿಂದ 2002ರವರೆಗಿನ ಹದಿಮೂರು ವರ್ಷಗಳಲ್ಲಿ. ಜಪಾನಿನಲ್ಲಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ರೂಪುಗೊಂಡ ಕಾರುಗಳವು, ಲೆಕ್ಕ ನೋಡದೆ ಕಟ್ಟಿದವು. ಯಾವ ಕಾರಿನ ಶಕ್ತಿಯನ್ನೂ 280 ಅಶ್ವಶಕ್ತಿಗಿಂತ ಹೆಚ್ಚೆಂದು ತೋರಿಸಬಾರದು ಎಂದು ಅಲ್ಲಿನ ತಯಾರಕರು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. 2004ರವರೆಗೆ ಅದು ನಡೆಯಿತು. ಹೀಗಾಗಿ ಕಾಗದದ ಮೇಲೆ ಎಲ್ಲವೂ ಒಂದೇ, ಒಳಗೆ ಬೇರೆಬೇರೆ. 1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಅಂದರೆ ಆರ್32, ರೇಸಿಗೆಂದೇ ಹುಟ್ಟಿತು. ಜಪಾನಿನ ಗ್ರೂಪ್ ಎ ಪಂದ್ಯಾವಳಿಯಲ್ಲಿ ಅದು ಓಡಿದ 29 ರೇಸುಗಳಲ್ಲಿ 29ನ್ನೂ ಗೆದ್ದಿತು. 1993ರ ಟೊಯೋಟ ಸುಪ್ರಾದ 2ಜೆಝಡ್ ಎಂಜಿನಿನ ಬ್ಲಾಕು ಎರಕದ ಕಬ್ಬಿಣದ್ದು, ಕಂಪನಿ ಹೇಳಿದ ಶಕ್ತಿಯ ಎರಡರಷ್ಟನ್ನು ಸಹ ತಾಳಿಕೊಳ್ಳುವಂಥದ್ದು. ಈ ಗಟ್ಟಿತನವೇ ಕೊಳ್ಳುವವರಿಗೆ ತೊಡಕು. ತಾಳಿಕೊಳ್ಳುತ್ತದೆ ಎಂದು ಎಲ್ಲರೂ ದೊಡ್ಡ ಟರ್ಬೊ ಕೂರಿಸಿ ಬಡಿದಿದ್ದಾರೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ಸುಪ್ರಾ ಹುಡುಕುವುದು ಕಷ್ಟ, ಸಿಕ್ಕರೆ ಅದರ ಬೆಲೆಯೇ ಬೇರೆ. 1990ರ ಹೋಂಡಾ ಎನ್‌ಎಸ್‌ಎಕ್ಸ್‌ನ ಇಡೀ ಒಡಲು ಅಲ್ಯೂಮಿನಿಯಂ. ಸ್ಟೀಲಿನಂತೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಒಮ್ಮೆ ಗುದ್ದಿದರೆ ಅದನ್ನು ಸರಿಯಾಗಿ ನೇರ ಮಾಡಬಲ್ಲ ಗ್ಯಾರೇಜುಗಳು ಕೆಲವೇ.

1991ರಲ್ಲಿ ಬಂದ ಎಫ್‌ಡಿ ಮಾದರಿಯ ಆರ್‌ಎಕ್ಸ್-7 ನನಗೆ ಇವೆಲ್ಲಕ್ಕಿಂತ ಚೆಂದ. ಆ ಬಾಗು, ಆ ಹಗುರ ಇನ್ನಾವ ಕಾರಿಗೂ ಬರಲಿಲ್ಲ. ಆದರೂ ಯಾರಿಗೂ ಕಣ್ಣುಮುಚ್ಚಿ ಕೊಳ್ಳಿ ಎಂದು ಹೇಳಲಾರೆ. ಕಾಸ್ಮೊದಂತೆ ಇದರದ್ದೂ ರೋಟರು ತಿರುಗುವ ಎಂಜಿನ್, ರೋಟರಿನ ಮೂರು ತುದಿಗಳಲ್ಲಿ ಕೂತ ಸಣ್ಣ ಸೀಲುಗಳ ಮೇಲೆ ಇಡೀ ಎಂಜಿನಿನ ಪ್ರಾಣ ನಿಂತಿದೆ. ಅವು ಸವೆದಿವೆಯೇ ಎಂದು ತಿಳಿಯಲು ಮಾಮೂಲಿ ಕಂಪ್ರೆಷನ್ ಮೀಟರು ಸಾಲದು, ರೋಟರಿನ ಮೂರೂ ಮುಖವನ್ನು ಬೇರೆಬೇರೆಯಾಗಿ ಅಳೆಯುವ ಉಪಕರಣ ಬೇಕು. ಇಲ್ಲಿ ಪರೀಕ್ಷೆಯೂ ತಿರುವುಮುರುವು. ಪಿಸ್ಟನ್ ಕಾರನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿದರೆ, ಇದನ್ನು ಚೆನ್ನಾಗಿ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಕು. ಸೀಲು ಸವೆದಿದ್ದರೆ ಆಗ ಎಂಜಿನ್ ತಿಣುಕುತ್ತದೆ. ಎಣ್ಣೆ ಕುಡಿಯುತ್ತದೆ ಎಂದು ಹೆದರಬೇಕಿಲ್ಲ. ಸೀಲಿಗೆ ಜಾರುವಿಕೆ ಸಿಗಲೆಂದು ಸ್ವಲ್ಪ ಎಣ್ಣೆಯನ್ನು ಒಳಗೆ ಬಿಟ್ಟು ಉರಿಸುವುದು ಅದರ ಕಟ್ಟೋಣದಲ್ಲೇ ಇದೆ. ಎರಡು ಟರ್ಬೊಗಳನ್ನು ಒಂದರ ಹಿಂದೊಂದು ಎಬ್ಬಿಸುವ ಸಣ್ಣ ರಬ್ಬರ್ ಕೊಳವೆಗಳ ರಾಶಿ ಶಾಖಕ್ಕೆ ಒಣಗಿ ಬಿರುಕು ಬಿಟ್ಟಿರುತ್ತದೆ. ಅವನ್ನು ಯಾವಾಗ ಬದಲಿಸಿದರು ಎಂದು ಕೇಳಿದಾಗ ಮಾರುವವರು ಬಿಲ್ಲು ತೆಗೆದು ತೋರಿಸಿದರೆ, ಕಾರನ್ನು ಪ್ರೀತಿಯಿಂದ ಸಾಕಿದ್ದಾರೆ ಎಂದು ಅರ್ಥ.

ಹೊಗೆಯ ಹೊಸ ನಿಯಮಗಳು ಬಂದಾಗ, 2002ರಲ್ಲಿ, ಸ್ಕೈಲೈನ್ ಜಿಟಿ-ಆರ್, ಸುಪ್ರಾ, ಆರ್‌ಎಕ್ಸ್-7, ಸಿಲ್ವಿಯಾ ಒಟ್ಟಿಗೇ ನಿಂತುಹೋದವು. ಅದೇ ಹೊತ್ತಿಗೆ ಅವು ಲೋಕಕ್ಕೆಲ್ಲ ಪರಿಚಯವಾದವು. 1997ರ ಗ್ರಾನ್ ಟುರಿಸ್ಮೊ ಎಂಬ ವಿಡಿಯೋ ಗೇಮು, 2001ರ ಫಾಸ್ಟ್ ಅಂಡ್ ಫ್ಯೂರಿಯಸ್ ಸಿನಿಮಾ, ಎರಡೂ ನಮ್ಮ ಊರುಗಳ ಹುಡುಗರಿಗೂ ಈ ಹೆಸರುಗಳನ್ನು ಬಾಯಿಪಾಠ ಮಾಡಿಸಿದವು. ಆ ಸಿನಿಮಾದ ಸುಪ್ರಾ 2021ರ ಹರಾಜಿನಲ್ಲಿ ಐದೂವರೆ ಲಕ್ಷ ಡಾಲರಿಗೆ ಹೋಯಿತು.

ಇಷ್ಟೊಂದು ಕಾರು ಜಪಾನ್ ಬಿಟ್ಟು ಹೊರಬರಲು ಒಂದು ಕಾರಣ ಶಾಕೆನ್. ನಮ್ಮ ಎಫ್‌ಸಿಯಂಥ ಆದರೆ ಬಹಳ ಖರ್ಚಿನ ತಪಾಸಣೆ ಅದು; ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ. 1995ಕ್ಕೆ ಮುಂಚೆ ಹತ್ತು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಮಾಡಿಸಬೇಕಿತ್ತು. ಜನ ಕಾರನ್ನು ಬೇಗ ಮಾರಿಬಿಡುತ್ತಿದ್ದರು. ಬಲಗಡೆ ಸ್ಟೇರಿಂಗಿನ ನ್ಯೂಜಿಲೆಂಡಿಗೆ ಅವು ಹಡಗುಗಟ್ಟಲೆ ಬಂದವು. ಕೆನಡಾ 15 ವರ್ಷ, ಅಮೆರಿಕ 25 ವರ್ಷ ತುಂಬಿದ ಕಾರನ್ನಷ್ಟೇ ಈ ದಾರಿಯಲ್ಲಿ ಬಿಡುತ್ತದೆ. 2014ರಲ್ಲಿ ಆರ್32, 2024ರಲ್ಲಿ ಅದರ ನಂತರದ ಮಾದರಿ ಆರ್34 ಅಮೆರಿಕದ ಬಾಗಿಲು ದಾಟಲು ಶುರುವಾದಾಗ ಬೆಲೆ ಎಲ್ಲೆಡೆ ಏರಿತು. ಭಾರತದ ನಿಯಮ ಇದಕ್ಕೆ ತದ್ವಿರುದ್ಧ. ಮೂರು ವರ್ಷಕ್ಕಿಂತ ಹಳೆಯದಾದ ಸೆಕೆಂಡ್ ಹ್ಯಾಂಡ್ ಕಾರನ್ನು ಮಾಮೂಲಿ ದಾರಿಯಲ್ಲಿ ತರಿಸುವಂತಿಲ್ಲ. ಹಾಗಾಗಿ ಈ ಲೆಕ್ಕಾಚಾರ ಹೆಚ್ಚಾಗಿ ಹೊರದೇಶದಲ್ಲಿ ನೆಲೆಸಿರುವ ನಮ್ಮವರದು.

ಜಪಾನಿನಿಂದ ಬಂದ ಕಾರಿನ ಜೊತೆ ಹರಾಜಿನ ಹಾಳೆ ಇದ್ದರೆ ಅದನ್ನು ಜಾತಕದಂತೆ ಓದಬೇಕು. ಮೇಲಿನ ಮೂಲೆಯಲ್ಲಿ ಒಂದು ಅಂಕಿ. ನಾಲ್ಕೂವರೆ ಎಂದರೆ ಬಹಳ ಚೆನ್ನಾಗಿದೆ, ಮೂರೂವರೆ ಎಂದರೆ ಮಾತಾಡಬಹುದು. ಅಂಕಿಯ ಜಾಗದಲ್ಲಿ ಆರ್ ಎಂಬ ಅಕ್ಷರ ಇದ್ದರೆ ಅಪಘಾತವಾಗಿ ರಿಪೇರಿ ಆಗಿದೆ. ಕೆಳಗೆ ಬಿಡಿಸಿಟ್ಟ ಕಾರಿನ ಚಿತ್ರ, ಅದರ ಮೇಲೆ ಸಣ್ಣ ಅಕ್ಷರಗಳು: ಎ ಎಂದರೆ ಗೀಚು, ಯು ಎಂದರೆ ತಗ್ಗು, ಡಬ್ಲ್ಯೂ ಎಂದರೆ ಹಿಂದೆ ಡೆಂಟಿಂಗ್ ಮಾಡಿದ ಗುರುತು, ಎಸ್ ಎಂದರೆ ತುಕ್ಕು, ಎರಡು ಎಕ್ಸ್ ಎಂದರೆ ಆ ಭಾಗವನ್ನೇ ಬದಲಿಸಲಾಗಿದೆ. ಗೀಚು ಹತ್ತಿದ್ದರೂ ಇರಲಿ, ಎಸ್ ಒಂದಿದ್ದರೆ ಎಚ್ಚರ. ಹಾಳೆ ಕಾರು ಜಪಾನಿನಲ್ಲಿ ಹರಾಜಾದ ದಿನದ್ದು ಎಂಬುದನ್ನೂ ಮರೆಯಬಾರದು.

2002ರ ನಂತರದ ಕಾರುಗಳು ದಿನನಿತ್ಯಕ್ಕೆ ಒದಗುವಂಥವು. ನಿಸ್ಸಾನಿನ 350ಝಡ್, 370ಝಡ್‌ಗಳಲ್ಲಿ ಟರ್ಬೊ ಇಲ್ಲದ ದೊಡ್ಡ ವಿ6 ಎಂಜಿನ್. 370ರಲ್ಲಿ ಕ್ಲಚ್ ಒತ್ತುವ ಸಿಲಿಂಡರು ಗೇರ್‌ಬಾಕ್ಸಿನ ಒಳಗೇ ಇದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಆ ಖರ್ಚನ್ನು ಚೌಕಾಸಿಯಲ್ಲಿ ಸೇರಿಸಿಕೊಳ್ಳಿ. 2007ರಿಂದ 2025ರವರೆಗೆ ಬಂದ ಆರ್35 ಜಿಟಿ-ಆರ್ ವೇಗದಲ್ಲಿ ಎಲ್ಲರಿಗೂ ಅಪ್ಪ, ಖರ್ಚಿನಲ್ಲೂ. ಮೊದಲ ಕೂಪೆ ಕೊಳ್ಳುವವರಿಗೆ ನಾನು ಹೇಳುವುದು 2012ರಲ್ಲಿ ಬಂದ ಟೊಯೋಟ 86, ಅದರ ಅವಳಿ ಸುಬಾರು ಬಿಆರ್‌ಝಡ್. ತೆತ್ಸುಯಾ ತಾದಾ ಎಂಬ ಎಂಜಿನಿಯರ್ ಹಳೆಯ ಎಇ86ರ ಸರಳತೆಯನ್ನೇ ಅದರಲ್ಲಿ ಮತ್ತೆ ತಂದರು. ಶುರುವಿನ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ಬದಲಿಸಲು 2018ರಲ್ಲಿ ವಾಪಸು ಕರೆದಿದ್ದರು. ಎಂಜಿನ್ ಬಿಚ್ಚುವ ಕೆಲಸ ಅದು, ಯಾರು ಮಾಡಿದರು ಎಂಬ ದಾಖಲೆ ನೋಡಿಯೇ ಮುಂದುವರಿಯಬೇಕು.

ಹಳೆಯದನ್ನೇ ಬಯಸುವವರಿಗೂ ಈಗ ಮೊದಲಿಗಿಂತ ಧೈರ್ಯ ಬಂದಿದೆ. ನಿಸ್ಸಾನ್ 2017ರಿಂದ ಆರ್32ಕ್ಕೆ, ಟೊಯೋಟ 2020ರಿಂದ ಹಳೆಯ ಸುಪ್ರಾ ಮತ್ತು 2000ಜಿಟಿಗೆ ನಿಂತುಹೋಗಿದ್ದ ಪಾರ್ಟ್ಸ್ ಕೆಲವನ್ನು ಮತ್ತೆ ತಯಾರಿಸುತ್ತಿವೆ. ಇದಕ್ಕಾಗಿ ಆ ಕಂಪನಿಗಳಿಗೆ ಕೃತಜ್ಞತೆ ಹೇಳಲೇಬೇಕು.

ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಆ ಮನೆಗೆ ಹೋದೆವು. ಬಾನೆಟ್ ಮೇಲೆ ಇಬ್ಬನಿ ಇತ್ತು. ಎಂಜಿನ್ ಒಂದೇ ಸಲಕ್ಕೆ ಎದ್ದಿತು, ಹೊಗೆ ಇಲ್ಲ, ಸದ್ದಿಲ್ಲ. ತಂಗಿಯ ಗಂಡನ ಮುಖ ಅರಳಿತು. ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿದೆವು. ಕಾರ್ಖಾನೆಯ ವೆಲ್ಡಿಂಗ್ ಗುಂಡಿಗಳು ಒಂದೇ ಅಳತೆಯಲ್ಲಿ, ಒಂದೇ ದೂರದಲ್ಲಿ ಸಾಲಾಗಿರುತ್ತವೆ. ಎಡಗಡೆ ಹಾಗೇ ಇತ್ತು. ಬಲಗಡೆ ಗುಂಡಿಗಳೇ ಇಲ್ಲ, ನುಣ್ಣಗೆ ಪಟ್ಟಿ ಹಚ್ಚಿ ಬಣ್ಣ ಹೊಡೆದಿದ್ದರು. ಅಂಚಿನಲ್ಲಿ ಉಗುರು ತಾಗಿಸಿದಾಗ ಬಣ್ಣ ಸಿಪ್ಪೆಯಂತೆ ಎದ್ದು, ಕೆಳಗಿನಿಂದ ಕೆಂಪು ಪುಡಿ ಉದುರಿತು. ಅವನು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಕಾರ್ಪೆಟನ್ನು ಮೊದಲಿದ್ದಂತೆ ಹಾಸಿ, ಮಾರುವವರಿಗೆ ಕೈಮುಗಿದ. "ಹೋಗೋಣ ಭಾವ" ಅಂದ. ಆರು ತಿಂಗಳಾದ ಮೇಲೆ ಫೋಟೋ ಕಳಿಸಿದ: 2014ರ ಕೆಂಪು 86, ಅದರ ಪಕ್ಕದಲ್ಲಿ ಮೊಣಕಾಲೂರಿ ಅಡಿಗೆ ಟಾರ್ಚು ಹಾಕುತ್ತಿರುವ ತಂಗಿ.