ಗದ್ದುಗೆಯಿಲ್ಲದ ಅರಸನೂ ಪ್ರವಾಸ ವಿಮೆಯೂ

ಮಡಿಕೇರಿಯ ಗದ್ದುಗೆಯನ್ನು ನೋಡಲು ಹೋದವರು ಅಲ್ಲಿನ ಗುಮ್ಮಟಗಳನ್ನೂ ಮೂಲೆಯ ಮಿನಾರುಗಳನ್ನೂ ಮೆಚ್ಚಿಕೊಂಡು ಬರುತ್ತಾರೆ. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿ, ತಮ್ಮ ಲಿಂಗರಾಜೇಂದ್ರ, ರಾಜಗುರು ರುದ್ರಪ್ಪ ಇವರ ಸಮಾಧಿಗಳು ಅಲ್ಲಿವೆ. ಆದರೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೆ ಅಲ್ಲಿ ಜಾಗ ದೊರೆಯಲಿಲ್ಲ. ಹೊರಟ ಪಯಣದಿಂದ ಅವನು ಹಿಂದಿರುಗಲೇ ಇಲ್ಲ.

ಈಚೆಗೆ ಒಂದು ಸಂಜೆ ಆ ಗುಮ್ಮಟಗಳ ನೆರಳಿನಲ್ಲಿ ಕುಳಿತಿದ್ದಾಗ, ಜೊತೆಗಿದ್ದ ಗೆಳೆಯರು ತಮ್ಮ ಚಿಂತೆಯೊಂದನ್ನು ತೋಡಿಕೊಂಡರು. ಅವರು ನಿವೃತ್ತ ಉಪಾಧ್ಯಾಯರು. ಮಗ ಲಂಡನ್ನಿನಲ್ಲಿದ್ದಾನೆ, ತಂದೆ ತಾಯಿ ಒಂದು ತಿಂಗಳು ಬಂದು ಇದ್ದು ಹೋಗಬೇಕೆಂದು ಟಿಕೆಟು ಕಳುಹಿಸಿದ್ದಾನೆ. "ಎಲ್ಲವೂ ಸರಿ ಮಾರಾಯರೇ. ಈ ಪ್ರವಾಸ ವಿಮೆಯೊಂದು ಬೇಕೋ ಬೇಡವೋ ಹೇಳಿ. ಇಂಗ್ಲೆಂಡಿನ ವೀಸಾಕ್ಕೆ ಅದು ಕಡ್ಡಾಯವಲ್ಲವಂತೆ. ಏನೂ ಆಗದೆ ವಾಪಸು ಬಂದರೆ ಕೊಟ್ಟ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಲ್ಲವೇ?" ಎಂದರು. ಅವರ ಮನೆಯಾಕೆಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಪ್ರಶ್ನೆ ಹಗುರವಾದುದಲ್ಲ.

ಪಯಣಕ್ಕೆ ಮುನ್ನ ಹಣ ತೆಗೆದಿಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಡುವ ಮುಡಿಪು ಇದೆ. ಕೊಡಗಿನಲ್ಲಿ ಕಕ್ಕಬ್ಬೆಯ ಇಗ್ಗುತಪ್ಪನಿಗೆ ಹೊರುವ ಹರಕೆ ಇದೆ. ಹರಕೆಯನ್ನು ತೀರಿಸುವುದು ಸುಖವಾಗಿ ಮರಳಿದವನು. ವಿಮೆಯಲ್ಲಿ ಹಣ ದೊರೆಯುವುದು ಕೆಡುಕಾದವನಿಗೆ. ಇಷ್ಟೇ ವ್ಯತ್ಯಾಸ.

ಅಪಾಯಕ್ಕೆ ಬೆಲೆ ಕಟ್ಟುವ ಲೆಕ್ಕವೂ ನಮ್ಮಲ್ಲಿ ಹಳೆಯದೇ. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನು ಸಾಲಕ್ಕೆ ತಿಂಗಳಿಗೆ ನೂರಕ್ಕೆ ಹತ್ತರಂತೆ, ಸಮುದ್ರ ದಾಟುವವನು ನೂರಕ್ಕೆ ಇಪ್ಪತ್ತರಂತೆ ಬಡ್ಡಿ ಕೊಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಇದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಅಸಲೇ ಮುಳುಗಿಹೋಗುವ ಭಯವಿರುವುದರಿಂದ ಇಷ್ಟು ಬಡ್ಡಿ ಎಂದು ಅವನು ಕಾರಣ ಹೇಳುತ್ತಾನೆ. ಇಂದಿನ ವಿಮೆಯ ಕಂತಿನ ಹಿಂದಿರುವುದೂ ಇದೇ ಭಯ.

ಇನ್ನು ನಮ್ಮ ಅರಸನ ಪಯಣ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಯನ್ನು ಹಿಡಿಯಿತು. ಪದಚ್ಯುತನಾದ ಚಿಕ್ಕವೀರರಾಜೇಂದ್ರನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. ಅವನ ಆಳ್ವಿಕೆಯ ಕ್ರೌರ್ಯದ ಮಾತು ಇಲ್ಲಿ ಬೇಡ. ಮಾಸ್ತಿಯವರ ಕಾದಂಬರಿಯನ್ನು ಓದಿದವರಿಗೆ ಆ ಕಥೆ ಗೊತ್ತು. ನಮಗೆ ಮುಖ್ಯವಾದುದು ಅವನ ಹಣದ ಸಂಗತಿ. ದೊಡ್ಡವೀರರಾಜೇಂದ್ರನ ಕಾಲದಿಂದ ಕೊಡಗಿನ ರಾಜಮನೆತನದ ದೊಡ್ಡ ಮೊತ್ತವೊಂದು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿತ್ತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ಕಂಪನಿಯ ಸ್ನೇಹ ಬೆಳೆಸಿದ್ದ ಆ ಅರಸನಿಗೆ ಕಂಪನಿಯ ಕಾಗದವೆಂದರೆ ಕಲ್ಲಿನ ಕೋಟೆ. ವಂಶಕ್ಕೆ ಆಪತ್ತು ಬಂದಾಗ ಕೈಹಿಡಿಯಬೇಕಾದ ಹಣ ಅದು. ಒಂದು ಬಗೆಯ ವಿಮೆಯೇ ಎನ್ನಬಹುದು. ಆಪತ್ತು ಬಂದಿತು. ಆದರೆ ಅದನ್ನು ತಂದವರೂ ಹಣ ಇಟ್ಟುಕೊಂಡವರೂ ಒಬ್ಬರೇ ಆಗಿದ್ದರು!

ಆ ಹಣವನ್ನು ಕೇಳುವುದಕ್ಕೂ, ಮಗಳು ಗೌರಮ್ಮನಿಗೆ ಇಂಗ್ಲಿಷ್ ಶಿಕ್ಷಣ ಕೊಡಿಸುವುದಕ್ಕೂ ಅರಸನು 1852ರಲ್ಲಿ ಇಂಗ್ಲೆಂಡಿಗೆ ಹೊರಟನು. ಸೂಯೆಜ್ ಕಾಲುವೆ ತೆರೆಯಲು ಇನ್ನೂ 17 ವರ್ಷಗಳಿದ್ದವು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಕಾಲ. ಕಾಶಿಯಲ್ಲಿ 1841ರಲ್ಲಿ ಹುಟ್ಟಿದ ಆ ಹುಡುಗಿಯನ್ನು ಯಾರಾದರೂ "ಹೋಗುವೆಯಾ ಮಗು?" ಎಂದು ಕೇಳಿದ್ದರೋ ಇಲ್ಲವೋ!

ಆ ವೇಳೆಗೆ ಇಂಗ್ಲೆಂಡಿನಲ್ಲಿ ವಿಮೆ ಬಹು ಮುಂದುವರಿದಿತ್ತು. ಲಂಡನ್ನಿನ ಲಾಯ್ಡ್ ಎಂಬವನ ಕಾಫಿ ಅಂಗಡಿಯಲ್ಲಿ ಹಡಗು, ಸರಕುಗಳ ವಿಮೆ ಬೆಳೆದು ಒಂದೂವರೆ ಶತಮಾನವಾಗಿತ್ತು. ಪ್ರಯಾಣಿಕನ ಪ್ರಾಣಕ್ಕೆ ವಿಮೆ ಬಂದುದು ರೈಲಿನೊಂದಿಗೆ. 1849ರಲ್ಲಿ ರೈಲ್ವೆ ಪ್ಯಾಸೆಂಜರ್ಸ್ ಅಷೂರೆನ್ಸ್ ಕಂಪನಿ ಎಂಬುದು ಹುಟ್ಟಿ, ನಿಲ್ದಾಣಗಳಲ್ಲಿ ಟಿಕೆಟಿನ ಜೊತೆಗೇ ವಿಮೆಯ ಚೀಟಿ ಮಾರತೊಡಗಿತು. ಮೊದಲ ತರಗತಿಯವನು ಮೂರು ಪೆನ್ಸ್ ಕೊಟ್ಟರೆ 1000 ಪೌಂಡು, ಮೂರನೆಯ ತರಗತಿಯವನು ಒಂದು ಪೆನ್ನಿ ಕೊಟ್ಟರೆ 200 ಪೌಂಡು. ಅಂದು ನಮ್ಮ ದೇಶದಲ್ಲಿ ಪ್ರಯಾಣಿಕರ ರೈಲೇ ಓಡಿರಲಿಲ್ಲ. ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು.

ಕೊಡಗಿನ ಅರಸನೂ ಲಂಡನ್ನಿನ ಯಾವುದೋ ನಿಲ್ದಾಣದಲ್ಲಿ ಮೂರು ಪೆನ್ಸ್ ಕೊಟ್ಟು ಆ ಚೀಟಿ ಕೊಳ್ಳಬಹುದಾಗಿತ್ತು. ಆದರೆ ಅವನಿಗೆ ಒದಗಿದ ನಷ್ಟ ಯಾವ ಚೀಟಿಯಲ್ಲೂ ಬರೆದಿರಲಿಲ್ಲ. 1852ರಲ್ಲಿಯೇ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. ಮಗಳು ತಂದೆಯ ಕೈಬಿಟ್ಟು ಇಂಗ್ಲಿಷರ ಮನೆಗಳಲ್ಲಿ ಬೆಳೆದಳು. ಅರಸನ ದಾವೆ ಎಳೆಯುತ್ತಲೇ ಹೋಯಿತು. 1859ರಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. ದಾವೆಯಲ್ಲಿ ಬಂದ ತೀರ್ಪು 1860ರದೆಂದು ಕಾನೂನು ವರದಿಗಳಲ್ಲಿದೆ: ಸಾಲಪತ್ರಗಳನ್ನು ಕಂಪನಿ ವಶಪಡಿಸಿಕೊಂಡದ್ದು ಯುದ್ಧದಲ್ಲಿ, ರಾಜ್ಯಾಧಿಕಾರ ನಡೆಸುವವರ ಹೈಸಿಯತ್ತಿನಲ್ಲಿ; ಅದನ್ನು ವಿಚಾರಿಸುವುದು ನ್ಯಾಯಾಲಯದ ಕೆಲಸವಲ್ಲ. ಗೌರಮ್ಮ 1860ರಲ್ಲಿ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣು ಮಗುವಿನ ತಾಯಿಯಾಗಿ, 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ಸತ್ತಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಇಷ್ಟನ್ನು ಕೇಳಿದ ಗೆಳೆಯರು, "ಹಾಗಾದರೆ ಯಾವ ಕಾಗದವೂ ಕಾಯುವುದಿಲ್ಲ ಎಂದಾಯಿತಲ್ಲ!" ಎಂದರು. ಹಾಗಲ್ಲ. ಅರಸನ ಕಥೆ ಕಲಿಸುವ ಪಾಠ ಬೇರೆ: ಕಾಗದವು ಯಾವುದನ್ನು ಕೊಡುತ್ತದೆ ಎಂಬುದಕ್ಕಿಂತ ಯಾವುದನ್ನು ಕೊಡುವುದಿಲ್ಲ ಎಂಬುದನ್ನು ಮೊದಲು ಓದಬೇಕು. ಇಂದಿನ ಪ್ರವಾಸ ವಿಮೆಯ ಪತ್ರಗಳಲ್ಲಿಯೂ ಯುದ್ಧದಿಂದಾದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಮೊದಲೇ ಇದ್ದ ಕಾಯಿಲೆಯ ವಿಷಯದಲ್ಲಿಯೂ ನಿರ್ಬಂಧಗಳಿರುತ್ತವೆ. ಅದನ್ನು ಮುಚ್ಚಿಟ್ಟು ವಿಮೆ ಕೊಂಡವನು ಕಷ್ಟಕಾಲದಲ್ಲಿ ಬರಿಗೈಯಾಗುತ್ತಾನೆ. ಸಕ್ಕರೆ ಕಾಯಿಲೆ ಇದೆಯೆಂದು ಬರೆದುಕೊಟ್ಟು, ಅದಕ್ಕೂ ಅನ್ವಯಿಸುವ ಪತ್ರವನ್ನು ಕೇಳಿ ಪಡೆಯಬೇಕು.

ಬೇಕೋ ಬೇಡವೋ ಎಂಬುದಕ್ಕೆ ಒಂದು ಸುಲಭವಾದ ಒರೆಗಲ್ಲೂ ಉಂಟು. ನಷ್ಟವಾದರೆ ನಮ್ಮ ಕೈಯಿಂದಲೇ ತುಂಬಿಕೊಳ್ಳಬಲ್ಲೆವೇ? ಪೆಟ್ಟಿಗೆ ಕಳೆದರೆ ತುಂಬಿಕೊಳ್ಳಬಲ್ಲೆವು; ಅದಕ್ಕೆ ವಿಮೆ ಇಲ್ಲದಿದ್ದರೂ ನಡೆದೀತು. ಆದರೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದ ನಮ್ಮಂಥ ಸಂದರ್ಶಕನಿಗೆ ನಿಗದಿಯಾದ ದರದ ಒಂದೂವರೆ ಪಟ್ಟು ಲೆಕ್ಕ ಹಾಕುತ್ತಾರೆ. ಅದು ಪಿಂಚಣಿಯಲ್ಲಿ ತೀರುವ ಬಿಲ್ಲಲ್ಲ. ಯೂರೋಪಿನ ಷೆಂಗೆನ್ ದೇಶಗಳು ಸಂದರ್ಶಕರ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವಿಮೆಯನ್ನು 2004ರಿಂದ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಅದರಲ್ಲಿ ಚಿಕಿತ್ಸೆಯ ಜೊತೆಗೆ, ಸತ್ತವನ ದೇಹವನ್ನು ತಾಯ್ನಾಡಿಗೆ ತಲುಪಿಸುವ ವೆಚ್ಚವೂ ಸೇರಿರಬೇಕೆಂದು ವಿಧಿಸಿದ್ದಾರೆ.

ಈ ಕೊನೆಯ ಮಾತು ಹೇಳಿದಾಗ ಗೆಳೆಯರು ಗದ್ದುಗೆಯ ಪಕ್ಕದ ಖಾಲಿ ಹುಲ್ಲುನೆಲದ ಕಡೆ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

ವಾರ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ಕಾಯಿಲೆಯನ್ನು ಬರೆದು ತೋರಿಸಿ ಕೊಂಡ ವಿಮೆಯ ಪತ್ರ ಪಾಸ್‌ಪೋರ್ಟಿನ ಜೊತೆಗಿತ್ತು. ದೇವರ ಮುಂದೆ ಹಳದಿ ಬಟ್ಟೆಯ ಗಂಟೊಂದೂ ಇತ್ತು. "ಕಂತು ಕಟ್ಟಿದ್ದು ನಾನು, ಮುಡಿಪು ಕಟ್ಟಿದ್ದು ಇವಳು" ಎಂದರು. "ಮುಡಿಪಿನ ಹಣ ಇಗ್ಗುತಪ್ಪನಿಗೆ ಸಂದು, ವಿಮೆಯ ಹಣ ಹೊಳೆಯ ಪಾಲಾಗಲಿ. ನಮಗೆ ಬೇಕಾದದ್ದೂ ಅಷ್ಟೇ."