ಹಸಿದವರು ಬರೆದ ಪಾಕಪುಸ್ತಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಚೆಕ್ ನಾಡಿನ ತೆರೆಜಿನ್ ಎಂಬ ಕೋಟೆಯೂರನ್ನು ಯೆಹೂದ್ಯರ ಬಂದೀಖಾನೆಯನ್ನಾಗಿ ಮಾಡಿದ್ದರು. ಅಲ್ಲಿ ಹೊಟ್ಟೆಗಿಲ್ಲದೆ ಸೊರಗುತ್ತಿದ್ದ ಹೆಂಗಸರು, ತಮ್ಮ ಮನೆಗಳಲ್ಲಿ ಮಾಡುತ್ತಿದ್ದ ಕೇಕು ಮೊದಲಾದ ಭಕ್ಷ್ಯಗಳ ಕ್ರಮವನ್ನು ನೆನಪಿನಿಂದಲೇ ಬರೆದಿಟ್ಟರು. ಕೆಲವದರಲ್ಲಿ ಬೇಕಾದ ಸಾಮಾನೇ ಬಿಟ್ಟುಹೋಗಿದೆ. ಹಸಿವು ನೆನಪನ್ನೂ ತಿನ್ನುತ್ತದೆಯಷ್ಟೆ!

ಅವರಲ್ಲೊಬ್ಬಳಾದ ಮೀನಾ ಪೆಖ್ಟರ್ ಎಂಬಾಕೆ 1944ರಲ್ಲಿ ಅಲ್ಲಿಯೇ ತೀರಿಕೊಂಡಳು. ಅದಕ್ಕೆ ಮುಂಚೆ ಆ ಹಾಳೆಗಳನ್ನು ಸ್ನೇಹಿತನೊಬ್ಬನಿಗಿತ್ತು, ಮಗಳಿಗೆ ಮುಟ್ಟಿಸಬೇಕೆಂದು ಕೇಳಿಕೊಂಡಿದ್ದಳು. ಕೈಯಿಂದ ಕೈಗೆ ಸಾಗಿ ಅವು ನ್ಯೂಯಾರ್ಕಿನಲ್ಲಿದ್ದ ಮಗಳನ್ನು ಸೇರಿದ್ದು 1969ರಲ್ಲಿ. ಪುಸ್ತಕವಾಗಿ ಅಚ್ಚಾದದ್ದು 1996ರಲ್ಲಿ.

ಅವರ ದುರ್ಗತಿಯೆಲ್ಲಿ, ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮ ನೆಮ್ಮದಿಯೆಲ್ಲಿ! ಆದರೂ ನಮಗೆ ಇದರಲ್ಲೊಂದು ಪಾಠವುಂಟು. ಅಜ್ಜಿಯ ಕೈಯಡುಗೆಯ ಕ್ರಮವನ್ನು, ಆಕೆ ಇರುವಾಗಲೇ ಕೇಳಿ ಬರೆದಿಡೋಣ.