ಅಕ್ಕಲಕೋಟೆ: ಗಡಿಯಾಚೆಯ ಕನ್ನಡ ಪಟ್ಟಣ

ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕೆಂದು ನಮ್ಮಲ್ಲಿ ಅನೇಕರು ಹೋಗಿಬರುವ ಅಕ್ಕಲಕೋಟೆಯು ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ, ಮಹಾರಾಷ್ಟ್ರದ ತಾಲೂಕು ಕೇಂದ್ರ. ಸ್ವಾಮಿಗಳು 1878ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. 18ನೆಯ ಶತಮಾನದ ಆದಿಯಲ್ಲಿ ಛತ್ರಪತಿ ಶಾಹುವಿನ ಸಾಕುಮಗ ಫತೇಸಿಂಹ ಭೋಸಲೆಗೆ ಜಹಗೀರಾಗಿ ದೊರೆತ ಈ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಶಸ್ತ್ರಾಗಾರವು ಅಂದಿನ ವೈಭವಕ್ಕೆ ಸಾಕ್ಷಿಯಾಗಿದೆ.

ತಾಲೂಕಿನ ಅಸಂಖ್ಯ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತೃಭಾಷೆ. ಮಹಾಜನ ಆಯೋಗವು 1967ರಲ್ಲಿ ಇದನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಕಚೇರಿಯ ವ್ಯವಹಾರ ಮರಾಠಿಯಲ್ಲಿ, ಅಂಗಳದ ಮಾತು ಕನ್ನಡದಲ್ಲಿ ನಡೆಯುವ ಈ ಊರಿನಲ್ಲಿ ಭಾಷೆಯನ್ನು ಉಳಿಸುವ ಹೊಣೆ ಮನೆಗಳದ್ದು, ಕನ್ನಡ ಶಾಲೆಗಳದ್ದು. ದರ್ಶನಕ್ಕೆ ಹೋದಾಗ ಅಲ್ಲಿಯ ಅಂಗಡಿಯವರೊಡನೆ ನಾವೂ ಕನ್ನಡದಲ್ಲಿಯೇ ಮಾತನಾಡೋಣ. ನಮ್ಮ ಮಕ್ಕಳೂ ಅದನ್ನು ಕೇಳಲಿ.